ಮಾದಪ್ಪನ ಮೀಸಲು ಹಾಲು

ಮುಳ್ಳೂರು
15-11-2025, ಶನಿವಾರ

ಪ್ರೀತಿಯ ಮಗಳು ಭವ್ಯಳಿಗೆ,

ಮಾದಪ್ಪ ನಿನ್ನನ್ನೂ, ನಿನ್ನೆದುರು ಮಂಚದ ಮೇಲಿರುವ ನಿಮ್ಮಪ್ಪನನ್ನೂ ಕಾಪಾಡಲಿ.

ದಿನಾ ಫೋನಿನಲ್ಲಿ ಮಾತಾಡುವ ಅವ್ವ ಈಗ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನು ಬಂದರೆ ಅಜ್ಜಿ ಪಕ್ಕದಲ್ಲೇ ಕೂತು, "ಸ್ಪೀಕರ್ ಹಾಕು, ನನ್ ಮಗನ ದನಿ ಕೇಳ್ಬೇಕು" ಅನ್ನುತ್ತಾರೆ. ಈ ಮಾತು ಅವರ ಕಿವಿಗೆ ಬೀಳುವ ಹಾಗಿಲ್ಲ. ನಾಳೆ ನಿನ್ನ ಮಾವ ಶಿವಶಂಕರ ಮೈಸೂರಿನ ಆಸ್ಪತ್ರೆಗೆ ಬರುತ್ತಾನಲ್ಲ, ಬಟ್ಟೆ, ಚಟ್ನಿಪುಡಿಯ ಜೊತೆ ಇದನ್ನೂ ಅವನ ಕೈಲಿ ಕಳಿಸುತ್ತಿದ್ದೇನೆ.

ನಿಮ್ಮಪ್ಪ ಯಳಂದೂರು ರಸ್ತೆಯಲ್ಲಿ ಬೈಕಿನಿಂದ ಬಿದ್ದು ಕಾಲಿಗೆ ಪೆಟ್ಟಾಗಿ ಆಸ್ಪತ್ರೆ ಸೇರಿದ ವಾರವೇ ನಮ್ಮ ಹಸು ಈಯಿತು. ಅಜ್ಜಿ ಕೊಟ್ಟಿಗೆಯಲ್ಲಿ ನಿಂತು ಮಾದಪ್ಪನ ಬೆಟ್ಟದ ಕಡೆ ಕೈಮುಗಿದು ಮೀಸಲು ಕಟ್ಟಿದರು. "ನನ್ ಮಗ ಎದ್ದು ನಡೆಯೋಗಂಟ ಈ ಹಸೀನ ಹಾಲು ಮನೇರ ಬಾಯಿಗೆ ಬೀಳಾಕಿಲ್ಲ ಮಾದಪ್ಪ. ತುಪ್ಪ ಎಲ್ಲಾ ನಿನ್ನ ದೀಪಕ್ಕೆ." ಕರುವಿಗೆ ಬಿಟ್ಟು ಉಳಿದದ್ದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ಕಾಯಿಸಿ ಡಬ್ಬಕ್ಕೆ ತುಂಬುತ್ತಾ ಬಂದೆ. ಮಜ್ಜಿಗೆಯನ್ನೂ ನಾವು ಮುಟ್ಟಲಿಲ್ಲ.

ದೀಪಾವಳಿ ಕಳೆದ ಮೇಲೆ ಅಜ್ಜಿಗೆ ಜ್ವರ ಬಂದದ್ದು ನಿನಗೆ ಗೊತ್ತು. ಎಷ್ಟು ಸೊರಗಿದ್ದರು ಅನ್ನುವುದನ್ನು ನಾನು ಹೇಳಿರಲಿಲ್ಲ. ಗಂಜಿ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪ್ಯಾಕೆಟ್ ಹಾಲು ಬಾಯಿಗಿಟ್ಟರೆ ವಾಸನೆ ಎಂದು ಕಕ್ಕಿಬಿಡುತ್ತಿದ್ದರು. ಒಂದು ಬೆಳಿಗ್ಗೆ ಎಷ್ಟು ಕೂಗಿದರೂ ಕಣ್ಣು ಬಿಡಲಿಲ್ಲ. ಆಗತಾನೇ ಹಾಲು ಕರೆದು ಒಳಗೆ ಬಂದಿದ್ದೆ, ಕೈಯಲ್ಲಿದ್ದ ಚೊಂಬು ಇನ್ನೂ ಬೆಚ್ಚಗಿತ್ತು. ಆಚೆ ಬೀದಿಗೆ ಹೋಗಿ ಯಾರ ಮನೆಯಲ್ಲಾದರೂ ಒಂದು ಲೋಟ ಹಾಲು ಕೇಳಬಹುದಿತ್ತು ಭವ್ಯ. ಹೋಗಲಿಲ್ಲ. ಚೊಂಬಿನದನ್ನೇ ಕಾಯಿಸಿ ಚಮಚದಲ್ಲಿ ಬಿಟ್ಟೆ. ಗುಟುಕರಿಸಿದರು. ಕಣ್ಣು ಬಿಟ್ಟವರು ಮೊದಲು ಕೇಳಿದ್ದೇ, "ಯಾವ ಹಾಲವ್ವ ಇದು?"

"ಪಕ್ಕದ ಮನೆ ಮಹಾಲಕ್ಷ್ಮಮ್ಮ ಕೊಟ್ರು ಅತ್ತೆ" ಎಂದೆ. ಬಾಯಿಗೆ ಆ ಹೆಸರೇ ಬಂತು.

ಅವತ್ತಿನಿಂದ ಎರಡು ಹೊತ್ತೂ ಅದೇ ಹಾಲು, ಅದೇ ಸುಳ್ಳು. ಪ್ರಾಣ ಹೋದರೂ ಮೀಸಲು ಮುಟ್ಟದ ಹೆಂಗಸಿಗೆ ನಾನೇ ಮೀಸಲು ಕುಡಿಸಿದೆ. ಲೋಟವನ್ನು ಕಣ್ಣಿಗೊತ್ತಿಕೊಂಡು "ನನ್ನಪ್ಪ ಮಾದಪ್ಪ, ನೀ ಕೈ ಬುಡ್ಲಿಲ್ಲ" ಅನ್ನುತ್ತಾರೆ. ನಾನು ಒಲೆ ಕಡೆ ತಿರುಗಿಕೊಳ್ಳುತ್ತೇನೆ. ಈಗ ಎದ್ದು ಕೂರುತ್ತಾರೆ, ಮುದ್ದೆ ಕೇಳುತ್ತಾರೆ, ನನ್ನನ್ನು ಬೈಯುವಷ್ಟು ಗಟ್ಟಿಯಾಗಿದ್ದಾರೆ. ನೋಡಿ ಸಂತೋಷವಾಗುತ್ತದೆ.

ಇವತ್ತು ಮಹಾಲಕ್ಷ್ಮಮ್ಮ ಬಂದಿದ್ದರು. ನಾಳೆ ಬೆಟ್ಟಕ್ಕೆ ಹೊರಟಿದ್ದಾರೆ. ಕಡೇ ಕಾರ್ತಿಕ ಸೋಮವಾರದ ದೀಪಕ್ಕೆ ನಮ್ಮ ತುಪ್ಪವನ್ನೂ ಒಯ್ಯುತ್ತೇನೆ ಎಂದು ಹೇಳಿದ್ದರು. ಅವರನ್ನು ಕಂಡದ್ದೇ ಅಜ್ಜಿ ಕೈ ಹಿಡಿದುಕೊಂಡು, "ಬಾರವ್ವ ಮಾಲಕ್ಷ್ಮಿ, ನಿನ್ನ ಹಾಲೇ ಕಣವ್ವ ನನ್ನ ಜೀವ ಇಡ್ದಿರದು" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಮಹಾಲಕ್ಷ್ಮಮ್ಮ ನನ್ನ ಮುಖ ನೋಡಿದರು. "ಅಯ್ಯೋ, ಅದೇನ್ ದೊಡ್ದು ಬುಡಜ್ಜಿ. ಕುಡ್ಕಂಡು ಚೆನ್ನಾಗಿರಿ" ಎಂದರು. ಹಿತ್ತಿಲಿಗೆ ಬಂದ ಮೇಲೆ ನನ್ನ ತೋಳು ತಿವಿದು, "ಲೇ ರತ್ನಿ, ಗಬ್ಬದ ಹಸ ನಂದು, ಕರೆಯೋದ ಬುಟ್ಟು ಎಷ್ಟು ದಿನ ಆಯ್ತು! ಅದ್ರಲ್ಲೂ ಹಾಲು ಕರ್ದ್ಬುಟ್ಟಲ್ಲೇ ನೀನು!" ಎಂದು ನಕ್ಕರು. ಆಮೇಲೆ ತುಪ್ಪದ ಡಬ್ಬ ಎತ್ತಿದರು. "ಇದ್ಯಾಕೆ ಇಷ್ಟು ಅಗೂರ?" ಎಂದವರು ನಗು ನಿಲ್ಲಿಸಿದರು. ಎಲ್ಲಾ ಹೇಳಿಬಿಟ್ಟೆ. "ನಾನು ಯಾರ್ಗೂ ಏಳಾಕಿಲ್ಲ. ನಿನ್ ಗಂಡನ್ಗೆ ಮಾತ್ರ ನೀನೇ ಏಳು" ಎಂದು ಡಬ್ಬ ಸೆರಗಿನಲ್ಲಿ ಮುಚ್ಚಿಕೊಂಡು ಹೋದರು.

ಅದನ್ನೇ ಹೇಳಲು ಆಗುತ್ತಿಲ್ಲ. ಸೋಮವಾರ ಆಪರೇಷನ್. ಕಾಲು ಉಳಿಯುವುದೋ ಇಲ್ಲವೋ ಒಳಗೆ ನೋಡಿದ ಮೇಲೇ ಗೊತ್ತಾಗುವುದು ಎಂದು ಡಾಕ್ಟರು ನಿನಗೆ ಹೇಳಿದ್ದಾರೆ. ನಿಮ್ಮಪ್ಪ ನಿನ್ನೆ ಫೋನಿನಲ್ಲಿ ನಗುತ್ತಾ, "ಅವ್ವ ಮೀಸಲು ಕಟ್ಟವ್ಳೆ ಕಣೇ, ನನ್ ಕಾಲ್ಗೆ ಏನೂ ಆಗಾಕಿಲ್ಲ. ತುಪ್ಪ ಓಯ್ತಾ ಬೆಟ್ಟಕ್ಕೆ?" ಎಂದರು. "ಓಯ್ತದೆ" ಎಂದೆ. ಅಜ್ಜಿ ಪಕ್ಕದಲ್ಲೇ ಕೈಮುಗಿದುಕೊಂಡು ಕೂತಿದ್ದರು.

ಮಗಳೇ, ಈ ಕಾಗದವನ್ನು ಸೋಮವಾರಕ್ಕೆ ಮೊದಲೇ ನಿಮ್ಮಪ್ಪನಿಗೆ ಓದಿ ಹೇಳು. ಆಮೇಲೆ ಬೇಡ. ಕಾಲು ಹೋದರೆ, ಮೀಸಲು ಕಟ್ಟಿದರೂ ಮಾದಪ್ಪ ಕೈಬಿಟ್ಟ ಎಂದುಕೊಳ್ಳುತ್ತಾರೆ. ಆ ಮಾತು ಮಾದಪ್ಪನಿಗೆ ಬರಬಾರದು. ತಪ್ಪಿದವಳು ನಾನು. ಬೈಯುವುದಾದರೆ ನನ್ನನ್ನು ಬೈಯಲಿ. ಆದರೆ ಇದನ್ನೂ ಹೇಳು: ನಾನು ತಪ್ಪಿದೆ ಎಂದು ಅವನೂ ತಪ್ಪುತ್ತಾನೆ ಎಂದು ನನಗೆ ಅನ್ನಿಸುವುದಿಲ್ಲ. ತುಪ್ಪದ ಅಳತೆ ನೋಡಿ ಕಾಯುವವನಾಗಿದ್ದರೆ ನಮ್ಮಂಥವರ ಮನೆ ಇಷ್ಟು ದಿನ ನಿಲ್ಲುತ್ತಿರಲಿಲ್ಲ. ಅಜ್ಜಿಯನ್ನು ಎಬ್ಬಿಸಿ ಕೂರಿಸಿದವನು ಅವನೇ. ಕಾಲು ಉಳಿದರೂ, ಉಳಿಯದಿದ್ದರೂ ನಿಮ್ಮಪ್ಪನನ್ನು ಅವನು ಬಿಡುವುದಿಲ್ಲ. ಇದನ್ನು ಬರೆಯಲು ಭಯವಾಗುತ್ತದೆ. ಆದರೂ ನಂಬಿ ಬರೆಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಕಾಲಿಗೆ ತಣ್ಣನೆ ಗಾಳಿ ಬೀಸದ ಹಾಗೆ ನೋಡಿಕೋ.

ನಿನ್ನ ಅವ್ವ,
ಶಿವರತ್ನಮ್ಮ

ಮರೆತದ್ದು: ಮರೆತದ್ದಲ್ಲ, ಬರೆಯಲು ನಾಚಿಕೆಯಾಗಿತ್ತು. ಮಹಾಲಕ್ಷ್ಮಮ್ಮ ಹೋದ ಮೇಲೆ ಆ ಹಾಲನ್ನು ನಾನೂ ಕುಡಿದೆ. ಅಜ್ಜಿ ಲೋಟದಲ್ಲಿ ಉಳಿದದ್ದಲ್ಲ, ನನಗೆಂದೇ ಕಾಯಿಸಿ, ಬೆಲ್ಲ ಹಾಕಿಕೊಂಡು, ಲೋಟದ ತುಂಬಾ. ನನಗೆ ಜ್ವರವಿರಲಿಲ್ಲ. ಅಪ್ಪ ಬಿದ್ದಾಗಿನಿಂದ ಸರಿಯಾಗಿ ಉಂಡಿರಲಿಲ್ಲ, ಹಸಿವಾಗಿತ್ತು, ಅಷ್ಟೇ. ಸಿಹಿಯಾಗಿತ್ತು ಭವ್ಯ. ಕುಡಿದು ಎದ್ದ ಮೇಲೇ ಈ ಕಾಗದ ಬರೆಯುವ ಧೈರ್ಯ ಬಂದದ್ದು. ಅಪ್ಪನಿಗೆ ಇದನ್ನೂ ಓದು.