ಲಾಭ, ಎರಡು, ಮೂರು

ರಾಯಚೂರು
15-6-1989

ಕಲ್ಲೂರಿನ ಜಂಬಣ್ಣನವರಿಗೆ, ಕಂಪ್ಯೂಟರ್ ಕಲಿಸುವ ನೀಲಗಂಗಮ್ಮನ ಶರಣು.

ಮಹಾಂತಮ್ಮನ ಹಾಳೆಯ ಮೇಲೆ ನಾನೆಳೆದ ಕೆಂಪು ಗೆರೆ ನೋಡಿ, "ಇಕಿಗೆ ಇದು ಹತ್ತಂಗಿಲ್ಲ ಬಿಡ್ರಿ" ಎಂದು ಮಗಳನ್ನು ಊರಿಗೆ ಕರೆದುಕೊಂಡು ಹೋದಿರಿ. ಆ ಹಾಳೆಯನ್ನು ಮತ್ತೆ ನೋಡಿದೆ. ಕೂಡಿಸುವ, ಕಳೆಯುವ, ಭಾಗಿಸುವ ಸಣ್ಣ ಪ್ರೋಗ್ರಾಂ ಅದು. ಸಿ ಭಾಷೆಯಲ್ಲಿ ಆಕೆ ಬರೆದ ಮೊದಲನೆಯದು. ಸೊನ್ನೆಯಿಂದ ಭಾಗಿಸಿದರೆ ನಿಂತುಬಿಡುತ್ತದೆ. ಆ ತಪ್ಪು ಎಲ್ಲರೂ ಮಾಡುತ್ತಾರೆ, ನಾನೂ ಮಾಡಿದ್ದೆ.

ಗೆರೆ ಎಳೆದದ್ದು ಬೇರೆ ಕಡೆ. ಐದರಲ್ಲಿ ನಾಲ್ಕು ಕಳೆದರೆ ಪರದೆಯ ಮೇಲೆ ಒಂದು ಬರುವ ಬದಲು, ಇಂಗ್ಲಿಷ್ ಅಕ್ಷರಗಳಲ್ಲಿ 'ಲಾಭ' ಎಂದು ಬರುತ್ತಿತ್ತು. ಇದೇನೆಂದು ಗದರಿದೆ.

"ನಮ್ಮಪ್ಪ ರಾಶಿ ಅಳತಿ ಮಾಡುವಾಗ ಒಂದು ಅನ್ನಂಗಿಲ್ರಿ ಮೇಡಂ. ಮೊದಲನೇ ಸೇರಿಗೆ ಲಾಭ ಅಂತಾನ್ರಿ" ಎಂದಳು.

ನಾನು ಪೇಟೆಯವಳು, ನಕ್ಕುಬಿಟ್ಟೆ. ಯಂತ್ರಕ್ಕೆ ನಿಮ್ಮ ಮಾತು ಕಲಿಸಲು ಆಕೆ, ಉತ್ತರ ಒಂದಾದರೆ 'ಲಾಭ' ಎಂದು ತೋರಿಸು ಎಂಬ ಷರತ್ತು ಬರೆದಿದ್ದಳು. ಅದನ್ನು ನಾನಿನ್ನೂ ತರಗತಿಯಲ್ಲಿ ಹೇಳಿಯೇ ಇರಲಿಲ್ಲ.

ದಯವಿಟ್ಟು ಸೋಮವಾರ ಬೆಳಗಿನ ಬಸ್ಸಿಗೆ ಕಳಿಸಿರಿ. ಇರುವುದೊಂದೇ ಕಂಪ್ಯೂಟರ್, ಪಾಳಿ ಹಚ್ಚಿ ಕೂಡಿಸುತ್ತೇವೆ. ಪಟ್ಟಿಯಲ್ಲಿ ಮೊದಲ ಹೆಸರು ಆಕೆಯದೇ. ಅದರ ಹಿಂದೆ ಒಂದು ಎಂದು ಬರೆದಿಲ್ಲ, ಲಾಭ ಎಂದೇ ಬರೆದಿದ್ದೇನೆ.

ಇತಿ,
ನೀಲಗಂಗಮ್ಮ