ಅಚ್ಚಿನ ಮೂಲೆಯ ಬಿಳಿ ಪುಡಿ

ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಮುನಿಸಿಕೊಂಡು ಅಕ್ಕನ ಮನೆ ಸೇರಿರುವ ನನ್ನ ಯಜಮಾನರಿಗೆ,

ಫೋನ್ ಎತ್ತುವುದಿಲ್ಲವೆಂದು ಹಟ ಹಿಡಿದಿದ್ದೀರಿ. ಕಾಗದವನ್ನಾದರೂ ಓದಿ.

ಮೂರು ವಾರದ ಹಿಂದೆ ನೀವು ಮಾಡಿದ ವಿಮಾನದ ಬಾಗಿಲಿನ ಹನ್ನೊಂದು ಹಲಗೆಗಳನ್ನು ತಪಾಸಣೆಯಲ್ಲಿ ತಿರಸ್ಕರಿಸಿ ಗುಜರಿಗೆ ಹಾಕಿಸಿದವಳು ನಾನೇ. ಮೂಲೆಯಲ್ಲಿ ತಗಡು ತೆಳುವಾಗಿತ್ತು. ಇವತ್ತು ಅವೇ ಬಂದರೂ ಗುಜರಿಗೇ ಹಾಕಿಸುತ್ತೇನೆ; ಆ ಬಾಗಿಲ ಪಕ್ಕ ಯಾರದೋ ಮಗು ಕೂರುತ್ತದೆ. ಆದರೆ ವರದಿಯಲ್ಲಿ ಕಾರಣದ ಜಾಗದಲ್ಲಿ ಗಾಳಿಯ ಒತ್ತಡವನ್ನು ಅವಸರದಲ್ಲಿ ಏರಿಸಲಾಗಿದೆ ಎಂದು ಬರೆದೆನಲ್ಲ, ಅದನ್ನು ದಾಖಲೆ ನೋಡದೆ ಬರೆದೆ. ಕಾದ ತಗಡನ್ನು ಗಾಳಿಯಿಂದ ಮೆಲ್ಲಗೆ ಅಚ್ಚಿಗೆ ಇಳಿಸುವವರಿಗೆ ಇದಕ್ಕಿಂತ ಅವಮಾನವಿಲ್ಲ. ಕಾರ್ಖಾನೆಯ ಮುಖ್ಯಸ್ಥರು ನಿಮ್ಮನ್ನು ಆ ಪ್ರೆಸ್ಸಿನ ಕೆಲಸದಿಂದ ಇಳಿಸಿದರು. ಅಡುಗೆಮನೆಯಲ್ಲಿ ನಿಂತು ನೀವು ಹೇಳಿದ್ದು ಒಂದೇ ಮಾತು: "ಇಪ್ಪತ್ತು ವರ್ಷದಲ್ಲಿ ನಾನು ಅವಸರ ಮಾಡಿದ್ದು ನಿನ್ನ ಮದುವೆ ಆಗೋದಕ್ಕೆ ಮಾತ್ರ." ನಗಬೇಕಿತ್ತು, ನಗಲಿಲ್ಲ. ನೀವು ಚೀಲ ಎತ್ತಿಕೊಂಡು ಹೊರಟುಬಿಟ್ಟಿರಿ.

ಮೊನ್ನೆ ಕೆಲಸದ ಕೋಟು ಒಗೆಯಲು ಜೇಬು ತಡಕಿದಾಗ ಬಿಳಿ ಪುಡಿ ಮೆತ್ತಿದ ಬಟ್ಟೆಚೂರು ಸಿಕ್ಕಿತು. ಆಗ ನೆನಪಾಯಿತು. ಆ ಹಲಗೆಗಳನ್ನು ಮಾಡಿದ ಹಿಂದಿನ ಸಂಜೆ, ನೀವು ಮರುದಿನಕ್ಕೆಂದು ಅಚ್ಚಿಗೆ ಪುಡಿ ಬಳಿದು ಮನೆಗೆ ಹೋದ ಮೇಲೆ, ಅಚ್ಚಿನ ಅಳತೆ ತೆಗೆಯಲು ಬಂದಿದ್ದೆ. ಅಳತೆಗೋಲು ಸರಿಯಾಗಿ ಕೂರಲೆಂದು ಮೂಲೆಯ ಅಂಚನ್ನು ಒರೆಸಿದೆ. ಮತ್ತೆ ಬಳಿಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಪುಡಿಯಿಲ್ಲದ ಕಡೆ ತಗಡು ಜಾರದೆ ಅಂಚಿಗೇ ಕಚ್ಚಿಕೊಳ್ಳುತ್ತದೆ. ಮಿಕ್ಕದ್ದು ಮೂಲೆ ಮುಟ್ಟುವಷ್ಟರಲ್ಲಿ ಹಿಗ್ಗಿ ತೆಳುವಾಗುತ್ತದೆ. ಇದನ್ನು ನನಗೆ ಕಲಿಸಿದವರೇ ನೀವು. ಆಮೇಲೆ ಪ್ರೆಸ್ಸಿನ ದಾಖಲೆ ತೆಗೆಸಿದೆ. ಹನ್ನೊಂದಕ್ಕೂ ತಲಾ ನಲವತ್ತೆರಡು ನಿಮಿಷ, ನಿಯಮದಷ್ಟೇ. ಒತ್ತಡದ ಗೆರೆ ಗೊತ್ತುಮಾಡಿದ ದಾರಿಯಿಂದ ಕೂದಲೆಳೆಯಷ್ಟೂ ಅಲುಗಿಲ್ಲ.

ನಿನ್ನೆ ಇದನ್ನೆಲ್ಲ ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ. ಸೋಮವಾರದಿಂದ ಪ್ರೆಸ್ಸು ಮತ್ತೆ ನಿಮ್ಮದು. ಕಾಗದದಲ್ಲೇ ಕ್ಷಮೆ ಕೇಳಿ ನುಣುಚಿಕೊಳ್ಳುವವಳಲ್ಲ ನಾನು, ಎದುರಿಗೇ ಕೇಳುತ್ತೇನೆ. ನೀವಿಲ್ಲದೆ ಮನೆ ಬಿಕೋ ಎನ್ನುತ್ತಿದೆ. ಬಂದೇ ಬರುತ್ತೀರೆಂಬ ಧೈರ್ಯ ನನಗಿದೆ.

ಇತಿ,
ಕಾರ್ಖಾನೆಗೆಲ್ಲ ಮಿಲಿಮೀಟರಮ್ಮ,
ನಿಮಗೆ ಮಾತ್ರ ಹೆಂಡತಿ

ತಾ.ಕ.: ಒಂದು ವಿಷಯ ಬೇಕೆಂದೇ ಬಿಟ್ಟಿದ್ದೆ. ತಪಾಸಣೆಯ ಮೊಹರನ್ನು ಮುಖ್ಯಸ್ಥರು ನನ್ನಿಂದ ವಾಪಸು ತೆಗೆದುಕೊಂಡರು. ಒಂದು ವರ್ಷ ಬೇರೆ ಕೆಲಸ ಮಾಡಬೇಕು, ಯಾವುದು ಬೇಕೋ ಆರಿಸಿಕೋ ಎಂದರು. ನಿಮ್ಮ ಕೈಕೆಳಗೆ ಅಚ್ಚಿಗೆ ಪುಡಿ ಬಳಿಯುವುದನ್ನು ಆರಿಸಿಕೊಂಡೆ.