ಎರಡಾಳೆತ್ತರದ ನನ್ನ ಮುಖ

ಬೆನಲೂರ್ಕಾ,
೯ ಸೆಪ್ಟೆಂಬರ್ ೧೯೯೪

ಪ್ರೀತಿಯ ತಂಗಿ ಫುಯೆನ್ಸಾಂತಾ,

ನಿನಗೂ ನಿನ್ನ ಗಂಡನಿಗೂ ಈ ಅಕ್ಕನ ಅಪ್ಪುಗೆ. ಬೇಸಿಗೆಯಲ್ಲಿ ನೀನು ಬಾರ್ಸಿಲೋನಾದಿಂದ ಬರೆದ ಕಾಗದಗಳಿಗೆ ಉತ್ತರ ಬರೆಯಲಿಲ್ಲ, ಮನ್ನಿಸು. ಬರೆಯಲು ಕೂತರೆ ಸಿಟ್ಟು ಬಂದು ಹಾಳೆ ಹರಿದು ಎಸೆಯುತ್ತಿದ್ದೆ. ಈಗ ಸುಣ್ಣ ತಾಗಿ ಬೆರಳೆಲ್ಲ ಬಿರಿದಿವೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ಈ ವರ್ಷ ಆಲಿವ್ ಮರಗಳು ಚೆನ್ನಾಗಿ ಕಾಯಿ ಕಟ್ಟಿವೆ. ಪಕ್ಕದ ಮನೆಯ ನಿಕಾಸಿಯಾಳ ಮಂಡಿ ನೋವು ಹಾಗೇ ಇದೆ, ನಾಲಿಗೆಯೂ ಹಾಗೇ ಇದೆ. ಅವಳೇ ಹೋದ ತಿಂಗಳು ಬ್ರೆಡ್ಡಿನ ಅಂಗಡಿಯಿಂದ ಓಡಿಬಂದು ಕೂಗಿದಳು: "ಏ ಕಸಿಲ್ದಾ, ಎಣ್ಣೆ ಗಾಣದ ತಿರುವಿನಲ್ಲಿ ನಿನ್ನ ಮುಖ ಎರಡಾಳೆತ್ತರ ನಿಂತಿದೆ ಕಣೇ! ನಿನ್ನ ಮೀಸೆ ಕೂಡ ಕಾಣ್ತದೆ!"

ಹೋಗಿ ನೋಡಿದೆ. ರಸ್ತೆ ಪಕ್ಕ ದೊಡ್ಡ ಫಲಕ. ಅದರ ತುಂಬ ನಾನು, ಕಪ್ಪು ಬಟ್ಟೆಯಲ್ಲಿ, ನಮ್ಮ ಬಾಗಿಲ ಮುಂದೆ, ಕೈ ಮಡಿಲಲ್ಲಿಟ್ಟು ಕೂತವಳು. ಕೆಳಗೆ ಬರಹ: "ಕಾಲ ನಿಂತ ಊರು. ಬನ್ನಿ, ನೆಮ್ಮದಿಯಾಗಿ ಕೂತುಕೊಳ್ಳಿ."

ಅದು ಯಾವ ದಿನದ ಚಿತ್ರ ಗೊತ್ತೇ? ಜೂನಿನಲ್ಲಿ ನನ್ನ ಯಜಮಾನರು ಎಲಾದಿಯೋ ತೀರಿಕೊಂಡ ಮರುದಿನದ್ದು. ಒಳಗೆ ಅವರ ಹೆಣ, ಸುತ್ತ ಹೆಂಗಸರ ಪ್ರಾರ್ಥನೆ. ಸೆಕೆಗೆ ಉಸಿರುಕಟ್ಟಿ ನಾನು ಹೊರಗೆ ಬಂದು ಕೂತಿದ್ದೆ. ಊರು ನೋಡಲು ಬಂದವನೊಬ್ಬ ಎದುರು ನಿಂತು ಕ್ಯಾಮೆರಾ ಹಿಡಿದದ್ದು ಮಸುಕಾಗಿ ನೆನಪಿದೆ. ಅವನು ಅದನ್ನು ನಮ್ಮ ಮೇಯರನಿಗೆ ಕೊಟ್ಟು ಹೋಗಿದ್ದನಂತೆ.

ಮೇಯರ್ ಈಗ ಗಾಸ್ಪಾರ್. ಚೌಕದಲ್ಲಿ ಚುರ್ರೋ ತಿಂಡಿ ಕರಿದು ಮಾರುತ್ತಿದ್ದ ಪೆತ್ರಾಳ ಮಗ. ನೇರ ಅವನ ಕಚೇರಿಗೆ ನುಗ್ಗಿದೆ.

"ಬನ್ನಿ ಅತ್ತೆ, ಕಾಫಿ ತರಿಸ್ಲಾ? ನಿಮ್ಮಿಂದ ಊರಿಗೇ ಹೆಸರು ಬಂತು," ಎಂದ.

"ಅದನ್ನ ಇಳಿಸೋ."

"ಯಾಕತ್ತೆ? ಎಷ್ಟು ಚೆನ್ನಾಗಿ ಬಂದಿದೀರಿ! ಅದನ್ನ ನೋಡಿ ಜನ ಕಾರು ನಿಲ್ಲಿಸ್ತಾರೆ. ನಾಳೆ ಹೋಟೆಲ್ ಬರ್ತದೆ, ನಮ್ಮ ಹುಡುಗರಿಗೆ ಕೆಲಸ ಸಿಗ್ತದೆ."

"ಅವತ್ತು ಒಳಗೆ ಹೆಣ ಇತ್ತಲ್ಲೋ, ಮೂಳ!"

ಅವನು ನಗಲಿಲ್ಲ, ನಾಚಲೂ ಇಲ್ಲ. "ಅದು ಚಿತ್ರದಲ್ಲಿ ಕಾಣೋದಿಲ್ಲವಲ್ಲ ಅತ್ತೆ," ಎಂದ.

ಫುಯೆನ್ಸಾಂತಾ, ಆ ಮಾತು ಇನ್ನೂ ನನ್ನ ಎದೆಯಲ್ಲಿ ಕೆಂಡದ ಹಾಗಿದೆ. ವಾರವಿಡೀ ಬೇಡಿಕೊಂಡೆ. ಪಾದ್ರಿಯಿಂದಲೂ ಹೇಳಿಸಿದೆ. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಭಾನುವಾರ ಪೂಜೆ ಮುಗಿದ ಕೂಡಲೇ, ಎಲ್ಲರೂ ನೋಡಲಿ ಎಂದೇ, ಸುಣ್ಣದ ಬಕೆಟ್ಟು, ಉದ್ದ ಕುಂಚ, ಏಣಿ ಹಿಡಿದು ಹೊರಟೆ. ನಿಕಾಸಿಯಾ ಏಣಿ ಹಿಡಿದುಕೊಂಡಳು. "ಮೊದಲು ಮೀಸೆ ಬಳಿಯೇ," ಎಂದಳು ಹಾಳಾದವಳು. ನಮ್ಮ ಬೀದಿಯ ಹೆಂಗಸರೆಲ್ಲ ಬಂದು ಸುತ್ತ ನಿಂತರು.

ಕಾವಲಿನ ರೊಬುಸ್ತಿಯಾನೋ ಓಡಿಬಂದ. "ಇಳೀರಿ ಕಸಿಲ್ದಾ, ಅದು ಸರ್ಕಾರದ ಆಸ್ತಿ!"

"ಹಲಗೆ ಸರ್ಕಾರದ್ದು. ಮುಖ ನಂದು ಕಣೋ!"

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡು, ಬಿಸಿಲು ಜಾಸ್ತಿ ಎಂದು ಗೊಣಗಿ ಆಲಿವ್ ಮರದ ನೆರಳಿಗೆ ಹೋಗಿ ನಿಂತ. ಅಷ್ಟರಲ್ಲಿ ಒಂದು ಕಾರು ನಿಂತಿತು. ಒಳಗಿದ್ದ ಹೆಂಗಸು ಕ್ಯಾಮೆರಾ ಎತ್ತಿ ಕೇಳಿದಳು, "ಇದು ಇಲ್ಲಿನ ಹಬ್ಬವೇ?" ನಾನು ಕುಂಚ ಅದ್ದಿ ಬೀಸಿದೆ. ಅವಳ ಕಾರಿನ ಗಾಜೂ ಹಬ್ಬ ಮಾಡಿಕೊಂಡು ಹೋಯಿತು. ಆಮೇಲೆ ಫಲಕದ ಮುಖವೆಲ್ಲ ಬೆಳ್ಳಗಾಗುವವರೆಗೆ ಬಳಿದೆ.

ಕೋರ್ಟಿಗೆ ಎಳೆಯುತ್ತೇನೆಂದು ಗಾಸ್ಪಾರ್ ಹಾರಾಡಿದ. ಮರುದಿನ ಬೀದಿಯ ಹೆಂಗಸರೆಲ್ಲ, ಎಳೆಯುವುದಾದರೆ ನಮ್ಮನ್ನೂ ಎಳಿ ಎಂದು, ಸುಣ್ಣದ ಕೈಯಲ್ಲೇ ಅವನ ಕಚೇರಿ ಬಾಗಿಲಲ್ಲಿ ನಿಂತರು. ಕುಂಚ ಮುಟ್ಟದವರು ಕೂಡ ಕೈಗೆ ಬಳಿದುಕೊಂಡು ಬಂದಿದ್ದರು. ಬುಧವಾರ ಫಲಕ ಇಳಿಯಿತು. ಗೆದ್ದೆ ಎಂದು ಎಲ್ಲರೂ ಅಪ್ಪಿಕೊಂಡರು. ಮನೆಗೆ ಬಂದೆ. ಸಿಟ್ಟು ಮಾತ್ರ ಒಂದಿಷ್ಟೂ ಇಳಿದಿರಲಿಲ್ಲ.

ನಿಮ್ಮ ಮನೆ ತಣ್ಣಗಿರಲಿ. ಮೇರಿ ಮಾತೆ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಕ್ಕ,
ಕಸಿಲ್ದಾ

ಮರುಬರಹ: ಕಾಗದ ಮಡಚಿಟ್ಟಿದ್ದೆ, ಮತ್ತೆ ಬಿಚ್ಚಿದೆ. ಆ ಚಿತ್ರದಲ್ಲಿ ನನ್ನ ಕಣ್ಣು ಬೀದಿಯ ಕೆಳಮೂಲೆಯ ಮೇಲಿದೆ, ಬಸ್ಸು ನಿಲ್ಲುವ ಕಡೆ. ಹಿಂದಿನ ದಿನ ಫೋನಿನಲ್ಲಿ "ಹೊರಟೆ ಅಕ್ಕ" ಅಂದಿದ್ದೆಯಲ್ಲ. ಪಾದ್ರಿಯ ಕೈ ಹಿಡಿದು ಬೇಡಿ, ಆ ಸೆಕೆಯಲ್ಲಿ, ಸಂಜೆಯ ಬಸ್ಸಿನವರೆಗೆ ಎಲಾದಿಯೋ ಅವರನ್ನು ಮಣ್ಣು ಮಾಡಲು ಬಿಟ್ಟಿರಲಿಲ್ಲ. ಬಸ್ಸು ಬಂತು. ಬಾಗಿಲು ತೆರೆಯಿತು. ಯಾರೂ ಇಳಿಯಲಿಲ್ಲ. ಬೇಸಿಗೆಯಿಡೀ ನೀನು ಅಲ್ಲಿನ ಹವೆಯ ಬಗ್ಗೆ ಬರೆದೆ, ಹೊಸ ಪರದೆಗಳ ಬಗ್ಗೆ ಬರೆದೆ. ಯಾಕೆ ಬರಲಿಲ್ಲ ಫುಯೆನ್ಸಾಂತಾ?